ಗಾಜಷ್ಟ

ಅಸುಂಡಿ ಮಾಸ್ತರು ಸೈಕಲ್ಲಿನ ಕ್ಯಾರಿಯರಿಗೆ ಬಿಗಿದು ತಂದದ್ದು
ಹಳೇ ಧೋತರದಾಗ ಸುತ್ತಿದ ಒಂದು ಚಿತ್ರ.
ಗಾಜು ಮೂಲಿಯಿಂದ ಮೂಲಿಗೆ ಸೀಳಿತ್ತು.
'ಕಟ್ಟು ಹಂಗ ಇರಲಿ ದಾದೇಸಾಬ, ಗಾಜಷ್ಟ ಹಾಕು.'

ನಾನು ದೇವರಿಗೆ ಕಟ್ಟು ಹಾಕಾಂವ, ತೀರಿದವರಿಗೆ ಹಾಕಾಂವ,
ಮಕ್ಕಾ ಮದೀನಾಕ್ಕ, ಏಳನೇತ್ತ ಪಾಸಾದ ಹುಡುಗೂರ ಗುಂಪಿಗೆ.
ಇಂಥಾದ್ದು ಬಂದಿರಲಿಲ್ಲ.
ಅರ್ಧ ಹಾಳಿ ಬರೇ ಗಿಡ, ಮ್ಯಾಲ ಮುಗಿಲು,
ನಡಕ ಒಂದು ಊರು, ಕಂಬದ ಗುಡಿ,
ಹೊಳಿಯಾಗ ಈಸು ಬಿದ್ದ ಮಂದಿ, ಬಿಲ್ಲು ಹಿಡಿದು ಆಡೋ ಮಂದಿ,
ಕೊಳಲೂದಾಂವ ಒಬ್ಬ.
ಮುಂದ, ನೆರಳಾಗ,
ನೆಲಕ್ಕ ಬಗ್ಗಿದ ಹೆಂಗಸು.

'ಏನ್ರಿ ಇದು, ಶೇಂಗಾದ ಹಕ್ಕಲ ಆಯಾಕತ್ತಾಳೇನು?'

ಮಾಸ್ತರು ನಗಲಿಲ್ಲ.
'ಗಂಡನ್ನ' ಅಂದರು.

ಗ್ರೀಕರ ಸೀಮಿ, ಎರಡು ಸಾವಿರ ವರ್ಷದಾಚಿ ಮಾತು.
ದಂಡಿನ ಮುಖಂಡ. ನಲವತ್ತೈದು ಸಲ ಊರೇ ಆರಿಸಿತಂತ,
ಕಡೀಕ ಊರೇ ವಿಷ ಕುಡಿಸಿತು.
ಸುಡಾಕ ಕಟಿಗಿ ಕೊಡಬಾರದು, ಹುಗಿಯಾಕ ಮಣ್ಣು ಕೊಡಬಾರದು,
ಹೆಣ ಸೀಮಿ ದಾಟಲಿ ಅಂತ ಠರಾವು.
'ಮಂದಿಗೆ ಗೊತ್ತಿಲ್ಲೇನ್ರಿ?'
'ನೀನ ನೋಡು, ಒಬ್ಬರರ ಈ ಕಡೆ ಹೊಳ್ಳ್ಯಾರೇನು?'

ಮೂಲ ಅವರೂ ಕಂಡಿಲ್ಲ.
ಯಾವುದೋ ಪುಸ್ತಕದಾಗಿನ ಅಂಗೈಯಷ್ಟು ಕರಿ-ಬಿಳಿ ಅಚ್ಚು;
ಬಣ್ಣ ಎಲ್ಲಾ ಇಲ್ಲಿವು.
ಗುಡ್ಡ ಶ್ರಾವಣದ ಕಪ್ಪತಗುಡ್ಡ, ನೆಲ ಬೆಟಗೇರಿ ಆಚಿ ಎರಿ,
ಮುಗಿಲು ಬಿಂಕದಕಟ್ಟಿ ಕಡೆ ಸಂಜಿ ಐದೂವರಿದು.
ಆಕಿ ಮೈಮ್ಯಾಲಿನ ಅರಿವಿಗೆ ಮಾತ್ರ
ಬಣ್ಣ ಸಿಗಲೇ ಇಲ್ಲಂತ. ಬಿಳೀ ಹಾಳಿ ಹಂಗ ಬಿಟ್ಟಾರ.

ಚಾ ಕುಡಿದು ಬರತೇನಿ ಅಂತ ಹೋದರು.
ಮೊಳಿ ಕಿತ್ತೆ. ಗಾಜು ಎತ್ತಿದೆ.
ಆಕಿ ಕೈಯಡಿ, ಚಿಟಿಕಿಯಷ್ಟು ಜಾಗದಾಗ,
ಬೆರಳಿಗೆ ಒರಟು ಹತ್ತಿತು.
ಬಣ್ಣ ಅಲ್ಲ ಅದು.
ಒಲಿ ಬೂದಿ ಇಷ್ಟು ಬೆಳ್ಳಗ ಇರಂಗಿಲ್ಲ,
ಈಬತ್ತಿ ಇಷ್ಟು ಒರಟ ಇರಂಗಿಲ್ಲ.

ನಮ್ಮಲ್ಲಿ ಮಣ್ಣು. ಮಾಸ್ತರ ಮಂದ್ಯಾಗೂ ಮಣ್ಣು.
ಮಾಸ್ತರು ಲಗ್ನ ಆದವರೂ ಅಲ್ಲ.
ಕೆಳಗ ಮೂಲ್ಯಾಗ ಪೆನ್ಸಿಲಿನ ಒಂದು ತಾರೀಖು,
ಹೆಸರು ಬರೆದಿಲ್ಲ.

ಹೊಸ ಗಾಜು ಟೇಬಲ್ ಮ್ಯಾಲ. ಒರೆಸೋ ಅರಿವಿ ಹೆಗಲ ಮ್ಯಾಲ.
ಬೆರಳ ತುದಿಗೆ ಬಂದದ್ದು?

ಇನ್ನೊಬ್ಬಾಕಿ ಅದಾಳ ಚಿತ್ರದಾಗ, ಆಗ ಹೇಳೂದು ಬಿಟ್ಟೆ.
ಆಳಿನಾಕಿ. ಬಗ್ಗಿದಾಕಿ ಬೆನ್ನಿಗೆ ನಿಂತು
ಕುತಿಗಿ ತಿರುವಿ ಊರ ಕಡೆ ನೋಡತಾಳ,
ಯಾರರ ಬಂದಾರು ಅಂತ.

ನಾನೂ ಹೊಳ್ಳಿ ನೋಡಿದೆ.
ಟಾಂಗಾಕೂಟದ ಕಡೆ ಆಟೋದವರ ಜಗಳ ನಡೆದಿತ್ತು,
ಮಿರ್ಚಿ ಎಣ್ಣಿಗೆ ಬಿತ್ತು, ರಬ್ಬರ್ ಚೆಂಡೊಂದು ಗಟಾರ ಸೇರಿತು.
ಯಾರೂ ಇತ್ತ ನೋಡಲಿಲ್ಲ.

ಬೆರಳು ಇದ್ದಲ್ಲೇ ಒತ್ತಿ,
ಗಾಜು ಮುಚ್ಚಿ, ಮೊಳಿ ಬಡಿದೆ, ಸಪ್ಪಳಾಗದಂಗ.

ಮಾಸ್ತರು ಬಂದರು. ಎಷ್ಟಾತು ಅಂದರು.
ಗಾಜಿಂದಷ್ಟ ಹೇಳಿದೆ.