ಒಂಬತ್ತು ಲೀಟರ್

ವರ್ಷಕ್ಕೊಮ್ಮೆ, ಹುತ್ತರಿ ಕಳೆದ ಮೇಲೆ
ಅಮ್ಮತ್ತಿಯಿಂದ ಬರುತ್ತಾನೆ ಮೊಯ್ದು,
ಓಮ್ನಿಯ ಹಿಂಬದಿಯಲ್ಲಿ ಕೆಂಪು ಸಿಲಿಂಡರುಗಳು
ತಿರುವಿಗೊಮ್ಮೆ ಒಂದಕ್ಕೊಂದು ಢಣ್ಣೆನ್ನುತ್ತಾ.

ನಾಪೋಕ್ಲಿನ ನಮ್ಮ ಮೆಣಸಿನ ಸೊಸೈಟಿಯಲ್ಲಿ
'ನೀರು, ಒಂಬತ್ತು ಲೀಟರ್, ತುಂಬಿಸಲಾಗಿದೆ' ಎಂದು
ಸಹಿ ಹಾಕುವವಳು ನಾನು.
ಕಾವೇರಿ ಹುಟ್ಟುವ ಜಿಲ್ಲೆಯಲ್ಲಿ
ನೀರಿಗೆ ರಸೀದಿಯಾ ಮೇಡಂ, ಅನ್ನುತ್ತಾನೆ.
ಪ್ರತಿ ವರ್ಷ ಅದೇ ಜೋಕು.
ನಾನೂ ನಗುತ್ತೇನೆ, ಅದೇ ನಗು.

ಮುಳ್ಳು ಹಸಿರಿನಲ್ಲಿದೆಯೇ ನೋಡುತ್ತಾನೆ.
ಕೊಳವೆಯ ತುದಿಗೆ ಕಣ್ಣಿಡುತ್ತಾನೆ.
ಈ ಸಲ ನನ್ನ ಹೇರ್‌ಪಿನ್ ಕೇಳಿ ಪಡೆದು
ಕಣಜ ಕಟ್ಟಿದ ಮಣ್ಣಿನ ಗೂಡು ಕೆದಕಿ ತೆಗೆದ.
ಮೇಜಿನ ಮೇಲೆ ಅರ್ಧ ಚಮಚ ಮಣ್ಣು.
'ಇಷ್ಟು ಸಾಕು,' ಅಂದ,
'ಆಫೀಸು ಸುಡೋದಕ್ಕೆ.'

ಆಮೇಲೆ ಚಹಾ ಕುಡಿಯುತ್ತಾ ಕಕ್ಕಬ್ಬೆಯ ಕತೆ:
ಅಲ್ಲೊಂದು ಹೋಂಸ್ಟೇ, ಅಡುಗೆಯ ಹುಡುಗ ರತೀಶ,
ಒಲೆಯ ಮೇಲೆ ಹಂದಿಯ ನೆಣ ಹೊತ್ತಿಕೊಂಡಿತು.
ಪಕ್ಕದಲ್ಲೇ ಇತ್ತಲ್ಲ, ಇದೇ ನೀರಿನದು,
ಯಾರೋ ಒಲೆಯ ಪಕ್ಕಕ್ಕೇ ಮೊಳೆ ಹೊಡೆದಿದ್ದರು.
ಹುಡುಗ ಪಿನ್ ಕಿತ್ತು ಬಿಟ್ಟ ಬಾಣಲೆಗೆ.
ಬೆಂಕಿ ಎದ್ದು ಸೂರಿಗೆ ಕೈ ಹಾಕಿತು.
ಹುಬ್ಬು ಹೋಯಿತು, ಪುಣ್ಯಕ್ಕೆ ಕಣ್ಣು ಉಳಿಯಿತು.

ಉರಿಗೆ ತುಪ್ಪ ಸುರಿಯಬೇಡ ಅಂದರು ಹಿರಿಯರು.
ಉರಿಯುವ ತುಪ್ಪಕ್ಕೆ ನೀರು ಸುರಿಯಬೇಡ ಅಂತ
ಯಾರೂ ಗಾದೆ ಕಟ್ಟಲಿಲ್ಲ.
'ಗ್ಯಾಸು ಬಂದ್ ಮಾಡಿ ಒಂದು ಮುಚ್ಚಳ ಮುಚ್ಚಿದ್ದರೆ ಸಾಕಿತ್ತು'
ಅಂದ ಮೊಯ್ದು, ಲೋಟದ ಮೇಲೆ ತಟ್ಟೆ ಮುಚ್ಚಿ.

ಮಾರ್ಚಿನಲ್ಲಿ, ಊಟದ ಹೊತ್ತು,
ತೂಕದ ಯಂತ್ರದ ವೈರು ಚಟಚಟ ಅಂದು
ಗೋಣಿಚೀಲದ ರಾಶಿಗೆ ಕಿಡಿ ಬಿತ್ತು.
'ನೀರು! ನೀರು!' ಅಧ್ಯಕ್ಷ ಬಿದ್ದಪ್ಪನವರ ಕೂಗು.
ಕೆಂಪು ಸಿಲಿಂಡರು ನನ್ನ ಎಡಗೈ ಮಗ್ಗುಲಲ್ಲೇ.
ನಾನು ಅದನ್ನು ಮುಟ್ಟಲಿಲ್ಲ.
ಬೆಂಕಿಗೆ ಬೆನ್ನು ಹಾಕಿ ನಡೆದೆ.

ಮೆಯಿನ್ ಸ್ವಿಚ್ಚಿಗೆ ಹನ್ನೊಂದು ಹೆಜ್ಜೆ.
ಓಡಿಹೋದಳು ನೋಡಿ, ಅಂದರಂತೆ ಯಾರೋ.
ಹನ್ನೊಂದು ಹೆಜ್ಜೆಯಲ್ಲಿ ನನ್ನ ಕುತ್ತಿಗೆಗೆ
ಬಿಸಿ ತಾಗುತ್ತಿತ್ತೋ, ಬರೀ ಭಯವೋ, ಗೊತ್ತಿಲ್ಲ.
ಕರೆಂಟು ಇರುವ ಕಡೆ ನೀರು ಬಿಟ್ಟರೆ
ನೀರಿನ ದಾರಿಯಲ್ಲೇ ಅದು ವಾಪಸು ಬರುತ್ತದೆ,
ಕೈ ಹಿಡಿಯುತ್ತದೆ.
ಫ್ಯಾನು ನಿಂತಿತು. ಕತ್ತಲಲ್ಲಿ ಬೆಂಕಿ
ಇನ್ನೂ ದೊಡ್ಡದಾಗಿ ಕಂಡಿತು.

ಬಾಗಿಲು ಬೆನ್ನ ಹಿಂದೆ ಇರುವಂತೆ ನಿಂತೆ.
ಪಿನ್ನಿಗೆ ಕಟ್ಟಿದ ಪ್ಲಾಸ್ಟಿಕ್ಕು ಒಂದೇ ಎಳೆತಕ್ಕೆ ಬರಲಿಲ್ಲ,
ತಿರುಚಿದಾಗ ಬಂತು.
ನಾಲಗೆಗಳಿಗಲ್ಲ, ಬುಡಕ್ಕೆ.
ಅಂಗಳ ಗುಡಿಸಿದ ಹಾಗೆ, ಆ ಕಡೆ, ಈ ಕಡೆ.
ಹತ್ತಿರ ಹೋಗದೆ, ಅವಸರಪಡದೆ,
ಅವಸರಪಡದೆ ಅಂತ ನನಗೇ ಹೇಳಿಕೊಳ್ಳುತ್ತಾ.
ಒಂದು ನಿಮಿಷದಷ್ಟು ನೀರು.
ಒಂದು ನಿಮಿಷ ಎಷ್ಟು ಉದ್ದ ಅಂತ
ನನಗೆ ಅದುವರೆಗೆ ಗೊತ್ತಿರಲಿಲ್ಲ.

ಆರಿದ ಮೇಲೂ ರಾಶಿಯ ಹೊಟ್ಟೆ ಹೊಗೆಯಾಡುತ್ತಿತ್ತು.
ಚೀಲ ಒಂದೊಂದೇ ಅಂಗಳಕ್ಕೆ ಎಳೆದು ಬಿಡಿಸಿ
ಬಕೆಟಿನಲ್ಲಿ ತೋಯಿಸಿದೆವು. ಸುಟ್ಟ ಮೆಣಸಿನ ಘಾಟಿಗೆ
ಬಿದ್ದಪ್ಪನವರು ನಾಲ್ಕು ದಿನ ಸೀನಿದರು.

ರಿಜಿಸ್ಟರಿನಲ್ಲಿ ಬರೆದೆ:
'ನೀರು, ಒಂಬತ್ತು ಲೀಟರ್, ಖರ್ಚು.'
ಮೊಯ್ದು ಮರುದಿನವೇ ಬಂದ. ಜೋಕು ಹೇಳಲಿಲ್ಲ.

ಮನೆಯಲ್ಲೂ ಒಂದು ತಂದಿಟ್ಟಿದ್ದೇನೆ,
ಅಡುಗೆಮನೆಯಲ್ಲಲ್ಲ, ಹಾಸಿಗೆ ಬಟ್ಟೆಗಳ ಕೋಣೆಯ ಬಾಗಿಲಲ್ಲಿ.
ಮೇಲೆ ಮಾರ್ಕರಿನಲ್ಲಿ: ಎಣ್ಣೆಗಲ್ಲ. ಕರೆಂಟಿಗಲ್ಲ.
ಅತ್ತೆ ದೇಚಮ್ಮ ಓದಿ, ಕನ್ನಡಕ ತೆಗೆದು ಕೇಳಿದರು:
'ಮತ್ತೆ ಯಾವ ಬೆಂಕಿಗೆ ಮಾರಾಯ್ತಿ ಇದು?'
ಕಾಗದಕ್ಕೆ, ಬಟ್ಟೆಗೆ, ಮರಕ್ಕೆ, ಅಂದೆ.
ಪಕ್ಕದ ಮೊಳೆಗೆ
ದಾರ ಕಟ್ಟಿ ತೂಗುಹಾಕಿದ್ದೇನೆ
ಒಂದು ಹೇರ್‌ಪಿನ್.