ಲೈನ್ ಬಂದ್ ಆದಾಗ

ಮೈನೋದ್ದೀನ ಟೇಪ್ ಹಿಡಕೊಂಡು ಮಾಳಿಗಿ ಏರಿದಾಗ
ಕಟ್ಟಿ ಮ್ಯಾಲ ಆಗಲೇ ಪಂಚಾಯ್ತಿ ಕೂತಿತ್ತು.
ಶಹಾಬಾದದಾಗ ಯಾರ ಮನಿಗಿ ಏನು ಬಂದ್ರೂ
ಮೊದಲು ಓಣಿ ಪಾಸು ಮಾಡಬೇಕು.

ನಮ್ದು ಫರಸಿ ಮಾಳಿಗಿ. ಮಾವ ಗಣಿಯಾಗ ಸೀಳಿದ ಕಲ್ಲು,
ಅವನ ಉಳಿ ಗುರುತು ಇನ್ನೂ ಅದ ಮೂಲ್ಯಾಗ.
ತೂತು ಹೊಡೆಂಗಿಲ್ಲ ನೋಡು, ಅಂದೆ.
ಹೊಡೆಂಗಿಲ್ಲ ಕಾಕಿ, ಸಿಮೆಂಟಿನ ದಿಂಡು ಇಡ್ತೀನಿ,
ಗಾಳಿಗಿ ಹಾರದಂಗ ತೂಕಕ್ಕ ಕೂತಿರ್ತದ.

ಗೋಡಿಗಿ ಆನಿಸಿದ ಹಲಗಿ ತೋರಿಸ್ದ.
ಕರ್ರಗ, ಮ್ಯಾಲ ಬೆಳ್ಳಿ ಎಳಿ ಎಳಿ;
ಬೀದರದ ಹೂಜಿ ಬಡಿದು ಚಪ್ಪಟಿ ಮಾಡ್ದಂಗ.
"ಬಿಸಲು ತಿಂತದೇನು?" ಜಗದೇವಿ ಕೇಳಿದಳು.
ಬಿಸಲಲ್ಲ, ಬೆಳಕು.
ಮೈ ಕಾದ್ರ ಇದಕ್ಕೂ ಬ್ಯಾಸರ; ಮೇ ತಿಂಗಳ ಉರಿಗಿಂತ
ಫೆಬ್ರುವರಿ ತಂಪಿನ್ಯಾಗ ಛಲೋ ದುಡಿತದ.
"ಅಯ್ಯ, ನನ್ನಂಗೇ," ಅಂದು ಸೆರಗು ಬೀಸಿಕೊಂಡಳು.

ಆರು ಹಲಗಿ. ದಿನಕ್ಕ ಹನ್ನೆರಡು ಯುನಿಟ್, ಮೋಡ ಇದ್ರ ಆರೋ ಐದೋ.
ಹಗಲು ಉಳಿದದ್ದು ತಂತಿ ಹಿಡಿದು ಹೊರಗ ಹೋಗ್ತದ,
ರಾತ್ರಿ ಬೇಕಾದದ್ದು ಅದೇ ತಂತಿ ಹಿಡಿದು ಒಳಗ ಬರ್ತದ,
ಮೀಟರ್ ಎರಡೂ ಬರಕೊಂತದ
ಕಿರಾಣಿ ಅಂಗಡಿ ಉದ್ರಿ ಪುಸ್ತಕದಂಗ.
ಸಬ್ಸಿಡಿ ಕಳೆದು ಲಕ್ಷದ ಮ್ಯಾಲ.
ಐದಾರು ವರ್ಷಕ್ಕ ಗಂಟು ತಿರುಗಿ ಬರ್ತದ,
ಧೂಳ ಒರಸ್ತಾ ಇದ್ರ.

ಧೂಳಂದ್ರ!
ವಾಡಿ ಕಡಿ ಗಾಳಿ ಬೀಸಿದ್ರ ಬೂದಿ,
ಪಾಲಿಶ್ ಮಷೀನ್ ಕಡಿ ಬೀಸಿದ್ರ ಹಿಟ್ಟು.
ಒಗೆದ ಸೀರಿ ಒಣಗೂದ್ರಾಗ ಹಳೇದಾಗೋ ಊರು ಇದು.
ವಾರಕ್ಕೊಮ್ಮಿ ಕೊಡಪಾನ ಹೊತ್ತು ಏಣಿ ಏರೋರು ಯಾರು?
ನಾನೇ.
ಯಾವ ಲೆಕ್ಕದಾಗೂ ಅದು ಬರಂಗಿಲ್ಲ.

ಇಷ್ಟೊತ್ತನಕ ನಮ್ಮವರು ಬಾಯಿ ಬಿಟ್ಟಿರಲಿಲ್ಲ.
ಇಪ್ಪತ್ತಾರು ವರ್ಷ ಕಂಬ ಏರಿದ ಮನುಷ್ಯ,
ಲೈನ್‌ಮನ್ ಅಂಬಾರಾಯ ಅಂದ್ರ ಸ್ಟೇಷನ್ ತನಕ ಗೊತ್ತು.
ಎಡಗೈಯ ಎರಡು ಬೆರಳು ಮಡಚಂಗಿಲ್ಲ.
ಅವತ್ತು ಲೈನ್ ಬಂದ್ ಮಾಡಿಸಿ, ಕೇಳಿ, ಮತ್ತೊಮ್ಮಿ ಕೇಳಿ ಏರಿದ್ರು;
ಕೆಳಗ ಯಾರದೋ ಮದಿವಿ ಮನ್ಯಾಗ ಜನರೇಟರ್ ಚಾಲೂ ಮಾಡಿದ್ರು,
ಸತ್ತ ತಂತ್ಯಾಗ ಉಲ್ಟಾ ಜೀವ ಬಂತು.
ಆ ಮದಿವಿ ಊಟ ಭಾಳ ಛಲೋ ಆಗಿತ್ತಂತ,
ದವಾಖಾನಿಗಿ ನೋಡಲಕ್ಕ ಬಂದವರು ಹೇಳಿದ್ರು.

ಅವರು ಕೇಳಿದ್ದು ಒಂದೇ:
"ಲೈನ್ ಬಂದ್ ಆದಾಗ ಇದು ಏನು ಮಾಡ್ತದ?"

ಮೈನೋದ್ದೀನ ತಲಿ ಕೆರಕೊಂಡ.
ಅದೊಂದು ಕಮ್ಮಿ ಅದ ನೋಡ್ರಿ ಕಾಕಾ.
ಹೊರಗ ಕರೆಂಟ್ ಹೋದ್ರ ಇದೂ ಹೋಗ್ತದ,
ರೆಪ್ಪಿ ಬಡಿಯೋದ್ರಾಗ. ಎಷ್ಟೇ ಬಿಸಲಿರಲಿ.
ಬ್ಯಾಟರಿ ಹಾಕ್ಸಿದ್ರ ಮನಿ ಪೂರ್ತೆ ಇಟಗೋಬಹುದು,
ಅದರ ಖರ್ಚು ಬ್ಯಾರೆ.
ಕಟ್ಟಿ ನಕ್ಕಿತು: "ಕತ್ತಲಾದಾಗ ಬರದ ದೀಪ ಎದಕ್ಕಪ್ಪ?"

"ಹೊರಗ ತಂತಿಗಿ ಬಿಡಂಗೇ ಇಲ್ಲ?"
"ಒಂದು ಹನಿನೂ ಇಲ್ಲ ಕಾಕಾ."

ಅವರು ಎಡಗೈ ನೋಡಕೊಂಡ್ರು, ಆಮ್ಯಾಲ ನನ್ನ.
ರೊಕ್ಕ ನಾ ಚೀಟಿ ಎತ್ತಿದ್ದು, ಹೂಂ ಅನ್ನಬೇಕಾದಾಕಿ ನಾ.
ಹೂಂ ಅಂದೆ. ಬ್ಯಾಟರಿ ಮುಂದ ನೋಡೋಣು.

ಈಗ ಅವಕಾಳಿ ಗಾಳಿಗಿ ತಂತಿ ಹರಿದು
ಮಟಮಟ ಮಧ್ಯಾಹ್ನ ಫ್ಯಾನ್ ನಿಂತ್ರ
ಜಗದೇವಿ ಬಾಗಲದಾಗಿಂದ ಕೂಗ್ತಾಳ:
"ಏ ಮಹಾನಂದಾ, ತಲಿ ಮ್ಯಾಲ ಅಷ್ಟು ಸೂರ್ಯನ್ನ ಇಟಗೊಂಡು
ಮೊರದಿಂದ ಗಾಳಿ ಹಾಕೋತಿ ಅಲ್ಲ!"

ಹಾಕೋತೀನಿ.
ಯಾವುದೋ ಕಂಬದ ಮ್ಯಾಲ ಯಾರದೋ ಮಗ
ಈಗ ತಂತಿಗಿ ಕೈ ಹಚ್ಚಿರ್ತಾನ.

ಆಮ್ಯಾಲ ಬಂತು ಬಂತು ಅಂತ ಹುಡುಗರ ಚೀರಾಟ,
ಓಣಿ ಫ್ಯಾನೆಲ್ಲ ತಿರಗ್ತಾವ, ನಮ್ದೂ.
ಗೋಡಿ ಮ್ಯಾಲಿನ ಡಬ್ಬಿಗಿ ಮಾತ್ರ ಅವಸರಿಲ್ಲ.
ಹಸಿರು ದೀಪ ಪಿಳಿಪಿಳಿ ಮಾಡ್ತಾ ಐದು ಮಿನಿಟ ಕಾಯ್ತದ,
ಖರೇ ಬಂದದೋ ಇಲ್ಲೋ ಅಂತ.

ಅವರೂ ಹಂಗೇ. ಮಲಗೋ ಮುಂದ
ಸ್ವಿಚ್ ಆರಿಸಿ, ಎರಡು ಹೆಜ್ಜಿ ಹೋಗಿ,
ತಿರುಗಿ ಬಂದು ಮುಟ್ಟಿ ನೋಡ್ತಾರ.