ಮೂರನೆಯ ಬಟ್ಟು

ಮಾಝಾರಾದ ಗುರುಮಠದಲ್ಲಿ ಇಪ್ಪತ್ತೊಂಬತ್ತು ವರ್ಷ
ಬೆಳಗಿನ ಎರಡನೇ ಗಂಟೆಯ ಪಾಠ ನನ್ನದು:
ಸರಿ ಯಾವುದು, ತಪ್ಪು ಯಾವುದು,
ನಡುವಿನ ಕೂದಲು ಸೀಳಿದರೆ ಉಳಿಯುವುದು ಯಾವುದು.

ಹುಡುಗರಿಗೆ ಹೇಳುತ್ತಿದ್ದೆ:
ಕೆಲಸ ನೋಡಿ, ಕೆಲಸದ ಹಿಂದಿನ ಮನಸ್ಸು ನೋಡಿ,
ಸುತ್ತಲಿನ ಸಂದರ್ಭ ನೋಡಿ.
ಮೂರರಲ್ಲಿ ಒಂದು ಕೆಟ್ಟರೂ ಇಡೀ ಕೆಲಸ ಕೆಟ್ಟಿತು,
ಹಾಲಿನ ಕೊಡಕ್ಕೆ ಹುಳಿಯ ತೊಟ್ಟು.
ಅವರು ಬರೆದುಕೊಳ್ಳುತ್ತಿದ್ದರು. ಕಿಟಕಿಯಾಚೆ
ದೋಣಿಗಳು ಬಂದ ಸದ್ದಾದರೆ
ಹಿಂದಿನ ಬೆಂಚಿನ ಪೆನ್ನುಗಳು ನಿಲ್ಲುತ್ತಿದ್ದವು.

ಆ ನವೆಂಬರಿನಲ್ಲಿ ಅಳತೆ ಇಲಾಖೆಯ ಇನ್‌ಸ್ಪೆಕ್ಟರ್ ಸ್ಪಾನೋ,
ನೆನೆದ ಟೋಪಿ ಕೈಯಲ್ಲಿ,
ನನ್ನ ಮೇಜಿನ ಮೇಲೆ ಎರಡು ಹಿತ್ತಾಳೆ ಬಟ್ಟು ಇಟ್ಟ.
ಎರಡರ ಮೇಲೂ ಒಂದು ಕಿಲೋ ಎಂದೇ ಮುದ್ರೆ.
ಒಂದರ ಹೊಟ್ಟೆ ಕೊರೆದು ಟೊಳ್ಳು ಮಾಡಿದ್ದು,
ಇನ್ನೊಂದರ ತಳಕ್ಕೆ ಸೀಸ ಕಾಯಿಸಿ ಸುರಿದದ್ದು.
'ಕ್ರೊಚಿಫಿಸ್ಸಾಳ ಅಂಗಡಿಯವು' ಅಂದ.
'ಟೊಳ್ಳು ಬಟ್ಟು ನೋಟರಿಗೆ, ಹೋಟೆಲಿನವರಿಗೆ, ನನಗೆ.
ಸೀಸದ್ದು ವಿಧವೆಯರಿಗೆ, ಉಪ್ಪಿನಗದ್ದೆಯ ಕೂಲಿಯವರಿಗೆ.
ಕೂಡಿ ಕಳೆದರೆ ಅವಳಿಗೆ ಉಳಿದದ್ದು ಸೊನ್ನೆ, ಲೆಕ್ಕ ನೋಡಿದೆ.
ಕಾನೂನು ನನಗೆ ಗೊತ್ತು, ಫಾದರ್.
ಪಾಪವೋ ಅಲ್ಲವೋ, ಅದನ್ನು ನೀವು ಹೇಳಿ.
ಆಮೇಲೆ ಬರೆಯುತ್ತೇನೆ, ಅಥವಾ ಬರೆಯುವುದಿಲ್ಲ.'

ಅವನು ಹೋದ ಮೇಲೆ ಪುಸ್ತಕ ತೆಗೆದೆ.
ಒಬ್ಬ ಪಂಡಿತ: ಸುಳ್ಳು ತೂಕ ಸುಳ್ಳೇ, ಯಾರ ಕಡೆ ವಾಲಿದರೂ.
ಇನ್ನೊಬ್ಬ: ಕಡು ಹಸಿವಿನ ಮುಂದೆ ಕಣಜ ಎಲ್ಲರದು.
ಮೂರನೆಯವನು ನಾಲ್ಕು ಪುಟ 'ಆದರೆ' ಅಂದು
ಐದನೆಯದರಲ್ಲಿ ತೀರ್ಪನ್ನು ಮುಂದಿನ ಅಧ್ಯಾಯಕ್ಕೆ ದಾಟಿಸಿದ.
ಕಪ್ಪೆ ತೂಗಿದ ಹಾಗೆ,
ಒಂದನ್ನು ತಟ್ಟೆಗೆ ಹಾಕುವಷ್ಟರಲ್ಲಿ
ಇನ್ನೊಂದು ನೆಲದಲ್ಲಿ.

ನನ್ನಪ್ಪ ಫಾವಿನ್ಯಾನಾದಲ್ಲಿ ಮೀನು ತೂಗುತ್ತಿದ್ದ.
ಯಜಮಾನ ನೋಡುತ್ತಿದ್ದರೆ ಹೆಬ್ಬೆರಳು ತಟ್ಟೆಯ ಮೇಲೆ,
ಅವನು ತಿರುಗಿದರೆ ತಟ್ಟೆಯ ಕೆಳಗೆ.
ಆ ಹೆಬ್ಬೆರಳು ನನ್ನ ಪಾಠದಲ್ಲಿ
ಒಮ್ಮೆಯೂ ಬಂದಿಲ್ಲ.

ರಾತ್ರಿ ಹನ್ನೊಂದಕ್ಕೆ ಹೊಳೆಯಿತು ಬೇರೆಯೇ ಪ್ರಶ್ನೆ,
ಹೇಳಲು ನಾಚಿಕೆ:
ನನಗೆ ಯಾವ ಬಟ್ಟು?

ಪ್ರತಿ ಶುಕ್ರವಾರ ಅವಳಲ್ಲೇ ಕಡಲೆ ಕೊಳ್ಳುವವನು ನಾನು.
ಅಡುಗೆಮನೆಗೆ ಬರಿಗಾಲಲ್ಲಿ, ಕಳ್ಳನ ಹಾಗೆ ಇಳಿದೆ,
ಬಿಚ್ಚದ ಪೊಟ್ಟಣವನ್ನು ಮಠದ ತಕ್ಕಡಿಗೆ ಹಾಕಿದೆ.
ಕಡಿಮೆಯಿರಲಿ ಅಂದಿತು ಒಂದು ಮನಸ್ಸು, ಆಗ ಸಿಟ್ಟಾಗಬಹುದು.
ಹೆಚ್ಚಿರಲಿ ಅಂದಿತು ಇನ್ನೊಂದು,
ಹಾಗಾದರೆ ನನ್ನ ಸವೆದ ತೋಳಂಚು ಅವಳ ಕಣ್ಣಿಗೆ ಬಿದ್ದಿದೆ.
ಮುಳ್ಳು ಎರಡು ಸಲ ಅಲುಗಿ ನಿಂತಿತು.
ಒಂದು ಕಿಲೋ. ಕಾಳೊಂದು ಹೆಚ್ಚಿಲ್ಲ,
ಕಾಳೊಂದು ಕಡಿಮೆಯಿಲ್ಲ.

ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆ.
ಕೇಪರ್ ಮೊಗ್ಗಿನ ಉಪ್ಪು ಕೊಡವುತ್ತಿದ್ದಳು, ತಲೆ ಎತ್ತಲಿಲ್ಲ.
'ನನಗೊಬ್ಬನಿಗೆ ಯಾಕೆ ಸರಿ ತೂಕ?'
ಕೈ ಒರೆಸಿಕೊಂಡು ಗಲ್ಲಾದ ಹಿಂದಿನಿಂದ
ಮೂರನೆಯ ಬಟ್ಟು ತೆಗೆದಳು.
ವಾರಕ್ಕೊಮ್ಮೆ ಮಾತ್ರ ಬೆಳಕು ಕಾಣುವ ಅದಕ್ಕೆ
ಕಿಲುಬು ಹಿಡಿದಿತ್ತು.

'ಉಳಿದವರು ಯಾರಂತ ನನಗೆ ಗೊತ್ತು, ಸ್ವಾಮಿ.
ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ,
ಯಾರು ರೊಟ್ಟಿಯ ಅಂಚು ಕಿತ್ತು ಬೆಕ್ಕಿಗೆ ಎಸೆಯುತ್ತಾರೆ.
ನಿಮ್ಮದು ಇಷ್ಟು ವರ್ಷವಾದರೂ ಗೊತ್ತಾಗಲಿಲ್ಲ.
ಗೊತ್ತಿಲ್ಲದವರಿಗೆ ನ್ಯಾಯದ ತೂಕ.'

ಸ್ಪಾನೋ ಇನ್ನೂ ಕೇಳುತ್ತಾನೆ, ಬಂದಾಗಲೆಲ್ಲ.
'ಓದುತ್ತಿದ್ದೇನೆ' ಅನ್ನುತ್ತೇನೆ.
ಎರಡು ಬಟ್ಟುಗಳೂ ನನ್ನ ಮೇಜಿನ ಮೇಲೇ ಇವೆ,
ಹುಡುಗರ ಉತ್ತರಪತ್ರಿಕೆ ಹಾರದಂತೆ.
ಟೊಳ್ಳಿನದು ಸಾಮಾನ್ಯ ಗಾಳಿಗೆ ಸಾಕು.
ಆಫ್ರಿಕಾದ ಕಡೆಯಿಂದ ಸಿರೊಕ್ಕೋ ಬೀಸುವ ದಿನ
ಸೀಸದ್ದನ್ನೇ ಇಡಬೇಕು.